ಗಂಟೆ ಎಣಿಸಿದರೆ ಸಿಗದ ಚಟ

ಮೊಬೈಲ್ ಹಿಡಿದವರೆಲ್ಲ ವ್ಯಸನಿಗಳಲ್ಲ. ಯಾರಿಗೆ ಅದು ಅಭ್ಯಾಸ, ಯಾರಿಗೆ ತೊಂದರೆ, ಯಾರಿಗೆ ಕಾಯಿಲೆ ಎಂದು ಬೇರ್ಪಡಿಸಲು ವೈದ್ಯಲೋಕ ಮೂರು ದಶಕಗಳಿಂದ ಹೆಣಗುತ್ತಿದೆ. ಆ ವಿಂಗಡಣೆ ಮಾಣಿಯಂಥ ಊರಿಗೂ ಬೇಕಾಗಿದೆ.

ಬೆಂಗಳೂರು–ಮಂಗಳೂರು ಹೆದ್ದಾರಿಗೆ, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಬರುವ ಮೈಸೂರು ಹೆದ್ದಾರಿ ಬಂದು ಸೇರುವ ಜಾಗ ಬಂಟ್ವಾಳ ತಾಲೂಕಿನ ಮಾಣಿ. ಪುತ್ತೂರಿಗೆ, ಉಪ್ಪಿನಂಗಡಿಗೆ, ಕಲ್ಲಡ್ಕ–ಬಿ.ಸಿ.ರೋಡ್ ಕಡೆಗೆ ಹೋಗುವವರು ಇಲ್ಲಿ ಬಸ್ಸು ಕಾಯುತ್ತಾರೆ. ಕಾಯುವವರ ಕೈಯಲ್ಲಿ ಮೊಬೈಲ್ ಇದೆ. ಒಬ್ಬರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡಿಕೆ ಧಾರಣೆ ನೋಡುತ್ತಿರಬಹುದು, ಇನ್ನೊಬ್ಬರು ದುಬೈಯಲ್ಲಿರುವ ಮಗನ ಸಂದೇಶ ಓದುತ್ತಿರಬಹುದು, ಮತ್ತೊಬ್ಬ ಸುಮ್ಮನೆ ರೀಲ್ಸ್ ಸರಿಸುತ್ತಿರಬಹುದು. ದೂರದಿಂದ ನೋಡುವವರಿಗೆ ಎಲ್ಲವೂ ಒಂದೇ: ತಲೆ ತಗ್ಗಿದೆ, ಹೆಬ್ಬೆರಳು ಓಡುತ್ತಿದೆ. "ಈಗಿನವರಿಗೆ ಮೊಬೈಲ್‌ದೇ ಮರುಳು ಮಾರಾಯ್ರೇ" ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಆ ತೀರ್ಪು ಕೊಟ್ಟವರೂ ಮರುಕ್ಷಣ ತಮ್ಮ ಮೊಬೈಲ್ ಗುರುಟುತ್ತಾರೆ ಎಂಬುದು ಬೇರೆ ಮಾತು.

ಈ ತೀರ್ಪು ಎಷ್ಟು ಸರಿ ಎಂದು ನೋಡಲು ಈ ಸೀಮೆಯಲ್ಲಿ ಎಲ್ಲಿ ಬೇಕಾದರೂ ಇರಬಹುದಾದ ಮೂವರನ್ನು ಕಲ್ಪಿಸಿಕೊಳ್ಳೋಣ.

ಒಬ್ಬರು ಬೀಡಿ ಕಟ್ಟುವ ಅಕ್ಕ, ವಯಸ್ಸು ನಲವತ್ತೈದರ ಆಸುಪಾಸು. ಮನೆಗೆಲಸ ಮುಗಿಸಿ, ಎಲೆ–ಹೊಗೆಸೊಪ್ಪಿನ ಗೆರಸೆಯನ್ನು ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂತರೆ, ಗೋಡೆಗೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಯಕ್ಷಗಾನವೋ ತುಳು ನಾಟಕವೋ ಧಾರಾವಾಹಿಯೋ ಓಡುತ್ತಲೇ ಇರುತ್ತದೆ. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲ. ಎರಡನೆಯವನು ದ್ವಿತೀಯ ಪಿಯುಸಿ ಹುಡುಗ. ದಿನಾ ಮೂರು ಗಂಟೆ ಗುಂಡು ಹಾರಿಸುವ ಆಟ ಆಡುತ್ತಾನೆ. ಊಟಕ್ಕೆ ಕರೆದರೆ "ಇದೊಂದು ಮ್ಯಾಚ್ ಅಮ್ಮ" ಅನ್ನುತ್ತಾನೆ. ಅಮ್ಮನಿಗೂ ಅವನಿಗೂ ದಿನಾ ಜಗಳ. ಆದರೆ ಪರೀಕ್ಷೆ ಹತ್ತಿರವಾದಾಗ ತಾನೇ ಆಟ ಅಳಿಸುತ್ತಾನೆ, ಭಾನುವಾರ ವಾಲಿಬಾಲ್ ತಪ್ಪಿಸುವುದಿಲ್ಲ. ಮೂರನೆಯವನು ಪಿಕಪ್ ಓಡಿಸುವ ಇಪ್ಪತ್ತೆಂಟರ ತರುಣ. ಅವನು ಮೊಬೈಲ್ ನೋಡುವುದು ಹೆಚ್ಚೆಂದರೆ ಒಂದೂವರೆ ಗಂಟೆ, ಅದೂ ರಾತ್ರಿ ಎಲ್ಲರೂ ಮಲಗಿದ ಮೇಲೆ. ಆಡುವುದು ಹಣವಿಟ್ಟು ರಮ್ಮಿ. ಸೊಸೈಟಿ ಸಾಲ ಬಾಕಿಯಿದೆ, ಹೆಂಡತಿಯ ಚಿನ್ನ ಅಡವಿನಲ್ಲಿದೆ, ಆ್ಯಪ್ ಅಳಿಸಿದ ರಾತ್ರಿಯೇ ಮತ್ತೆ ಹಾಕಿಕೊಂಡಿದ್ದಾನೆ.

ಗಂಟೆ ಲೆಕ್ಕದಲ್ಲಿ ಮೊದಲ ಸ್ಥಾನ ಅಕ್ಕನಿಗೆ, ಕೊನೆಯದು ಪಿಕಪ್ ತರುಣನಿಗೆ. ವೈದ್ಯರ ಮುಂದೆ ಮೂವರನ್ನೂ ಕೂರಿಸಿದರೆ ಈ ಕ್ರಮ ತಲೆಕೆಳಗಾಗುತ್ತದೆ.

ತಮಾಷೆಗೆ ಬರೆದ ರೋಗಲಕ್ಷಣ

ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಿಟ್ಟದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ನ್ಯೂಯಾರ್ಕ್‌ನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್, 'ಇಂಟರ್‌ನೆಟ್ ಅಡಿಕ್ಷನ್ ಡಿಸಾರ್ಡರ್' ಎಂಬ ಹೊಸ ರೋಗದ ಲಕ್ಷಣಗಳನ್ನು ಬರೆದು ಸಹೋದ್ಯೋಗಿಗಳ ಮುಂದಿಟ್ಟ. ಅದು ಲೇವಡಿ. ಅಮೆರಿಕದ ಮನೋವೈದ್ಯ ಸಂಘದ ರೋಗಕೋಶ ಮನುಷ್ಯನ ಪ್ರತಿಯೊಂದು ನಡವಳಿಕೆಗೂ ಒಂದು ಕಾಯಿಲೆಯ ಹೆಸರು ಕೊಡುತ್ತಿದೆ ಎಂದು ಅಣಕಿಸಲು ಆತ ಅದರದೇ ಶೈಲಿಯಲ್ಲಿ ಬರೆದಿದ್ದ. ನಗಬೇಕಾದ ಕೆಲವರು "ಈ ರೋಗ ನನಗಿದೆ, ಏನು ಮಾಡಲಿ?" ಎಂದು ಕೇಳತೊಡಗಿದರು.

ಮರುವರ್ಷವೇ ವಿಷಯ ಗಂಭೀರವಾಯಿತು. 1996ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಿಂಬರ್ಲಿ ಯಂಗ್, ಟೊರಾಂಟೊದಲ್ಲಿ ನಡೆದ ಮನೋವಿಜ್ಞಾನಿಗಳ ಸಮ್ಮೇಳನದಲ್ಲಿ ಇಂಟರ್‌ನೆಟ್ ವ್ಯಸನದ ಕುರಿತು ಪ್ರಬಂಧ ಮಂಡಿಸಿದರು. ಅವರು ವಿವರಿಸಿದ ಒಂದು ಪ್ರಕರಣ ಕಂಪ್ಯೂಟರ್ ಎಂದರೇನೆಂದು ಅಷ್ಟಾಗಿ ತಿಳಿಯದ 43 ವರ್ಷದ ಗೃಹಿಣಿಯದು. ಹರಟೆಕೋಣೆಗಳಲ್ಲಿ ಆಕೆ ವಾರಕ್ಕೆ 50–60 ಗಂಟೆ ಕಳೆಯುವಷ್ಟರ ಮಟ್ಟಿಗೆ ಹೋಗಿದ್ದಳು, ಸಂಸಾರ ಕೆಟ್ಟಿತ್ತು. ಜೂಜುಕೋರರನ್ನು ಗುರುತಿಸಲು ಇದ್ದ ಲಕ್ಷಣಗಳನ್ನೇ ಒಗ್ಗಿಸಿ ಯಂಗ್ ಎಂಟು ಪ್ರಶ್ನೆಗಳ ಪಟ್ಟಿ ಮಾಡಿದರು. ಐದಕ್ಕೆ ಹೌದು ಎಂದರೆ ವ್ಯಸನ. ಮುಂದೆ 20 ಪ್ರಶ್ನೆಗಳ ಪರೀಕ್ಷೆಯೂ ಬಂತು.

ಯಂಗ್ ಮಾಡಿದ ಆಯ್ಕೆ ಇಂದಿಗೂ ನಮ್ಮ ಯೋಚನೆಯನ್ನು ಹಿಡಿದಿಟ್ಟಿದೆ. ಅವರು ಇಂಟರ್‌ನೆಟ್ಟನ್ನು ಒಂದೇ ವಸ್ತುವೆಂದು ಎಣಿಸಿದರು. ಆಗ ಅದು ಮನೆಯ ಒಂದು ಮೂಲೆಯ ಕಂಪ್ಯೂಟರಿನಲ್ಲಿ, ದೂರವಾಣಿ ತಂತಿಯ ತುದಿಯಲ್ಲಿ ಇತ್ತು. ಅದರ ಮುಂದೆ ಕೂತವನು 'ಇಂಟರ್‌ನೆಟ್‌ನಲ್ಲಿದ್ದಾನೆ' ಎನ್ನಬಹುದಿತ್ತು. ಇಂದು ಗ್ಯಾಸ್ ಬುಕ್ ಮಾಡುವುದು, ಹಾಲಿನ ಲೆಕ್ಕ ನೋಡುವುದು, ಕೋಳಿ ಅಂಗಡಿಗೆ ದುಡ್ಡು ಹಾಕುವುದು, ತಾಳಮದ್ದಳೆ ಕೇಳುವುದು, ಜುಗಾರಿ ಆಡುವುದು ಎಲ್ಲವೂ ಒಂದೇ ಗಾಜಿನ ಹಲಗೆಯ ಮೇಲೆ. ಅಷ್ಟನ್ನೂ ಒಂದೇ ಚಟದ ಹೆಸರಿನಲ್ಲಿ ಕರೆದರೆ ಆ ಹೆಸರಿಗೆ ಅರ್ಥ ಉಳಿಯುವುದಿಲ್ಲ.

ರೋಗಪಟ್ಟಿಯಲ್ಲಿ ಇರುವುದೇನು, ಇಲ್ಲದ್ದೇನು

'ಮೊಬೈಲ್ ವ್ಯಸನ' ಎಂಬ ಹೆಸರಿನ ಕಾಯಿಲೆ ಜಗತ್ತಿನ ಎರಡು ಮುಖ್ಯ ರೋಗಪಟ್ಟಿಗಳಲ್ಲಿ ಎಲ್ಲೂ ಇಲ್ಲ. 'ಇಂಟರ್‌ನೆಟ್ ವ್ಯಸನ'ವೂ ಇಲ್ಲ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಶಾಲೆಯ ಪೋಷಕರ ಸಭೆಗಳಲ್ಲಿ ಈ ಪದ ಎಷ್ಟು ಸಲೀಸಾಗಿ ಬಳಕೆಯಾಗುತ್ತದೆಂದರೆ, ವೈದ್ಯರ ಪುಸ್ತಕದಲ್ಲಿ ಅದಕ್ಕೊಂದು ಪುಟ ಇರಲೇಬೇಕೆಂದು ನಂಬಿದವರೇ ಹೆಚ್ಚು.

2013ರಲ್ಲಿ ಅಮೆರಿಕದ ಮನೋವೈದ್ಯ ಸಂಘ ತನ್ನ ರೋಗಕೋಶದ ಐದನೆಯ ಆವೃತ್ತಿ ತಂದಾಗ ಜೂಜಿನ ಗೀಳನ್ನು ಮದ್ಯ, ಅಫೀಮುಗಳ ಸಾಲಿಗೆ ತಂದು ಕೂರಿಸಿತು. ವಸ್ತುವೊಂದನ್ನು ನುಂಗದೆ, ಸೇದದೆ ಬರೀ ನಡವಳಿಕೆಯಿಂದಲೂ ವ್ಯಸನ ಹುಟ್ಟಬಹುದು ಎಂದು ಅದು ಅಧಿಕೃತವಾಗಿ ಒಪ್ಪಿದ್ದು ಆಗ. ಇಂಟರ್‌ನೆಟ್ ಆಟಗಳ ವ್ಯಸನವನ್ನು ಮಾತ್ರ 'ಇನ್ನೂ ಅಧ್ಯಯನ ಬೇಕು' ಎಂಬ ಅನುಬಂಧದಲ್ಲಿ ಇಟ್ಟು ಒಂಬತ್ತು ಲಕ್ಷಣ ಪಟ್ಟಿ ಮಾಡಿತು: ಸದಾ ಅದರದೇ ಧ್ಯಾನ, ಸಿಗದಿದ್ದರೆ ಚಡಪಡಿಕೆ, ದಿನೇ ದಿನೇ ಹೆಚ್ಚು ಬೇಕೆನಿಸುವುದು, ಬಿಡಲು ಹೋಗಿ ಸೋಲುವುದು, ಬೇರೆಲ್ಲ ಆಸಕ್ತಿ ಕಳಚುವುದು, ಹಾನಿ ಗೊತ್ತಿದ್ದೂ ಮುಂದುವರಿಸುವುದು, ಎಷ್ಟು ಆಡುತ್ತೇನೆಂದು ಸುಳ್ಳು ಹೇಳುವುದು, ಬೇಸರ ಮರೆಯಲು ಅದರ ಮೊರೆ ಹೋಗುವುದು, ಸಂಬಂಧ–ಓದು–ಕೆಲಸಕ್ಕೆ ಸಂಚಕಾರ ತಂದುಕೊಳ್ಳುವುದು. ಹನ್ನೆರಡು ತಿಂಗಳಲ್ಲಿ ಇವುಗಳಲ್ಲಿ ಐದಾದರೂ ಕಾಣಿಸಬೇಕು. 2022ರ ಪರಿಷ್ಕೃತ ಆವೃತ್ತಿಯಲ್ಲೂ ಅದು ಅನುಬಂಧ ಬಿಟ್ಟು ಕದಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಹನ್ನೊಂದನೆಯ ರೋಗ ವರ್ಗೀಕರಣಕ್ಕೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿ, 2022ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿ ಆಟದ ವ್ಯಸನಕ್ಕೆ 6ಸಿ51 ಎಂಬ ಸಂಕೇತ; ಅದರ ಹಿಂದಿನ 6ಸಿ50 ಜೂಜಿನದು. ಒಂಬತ್ತು ಲಕ್ಷಣಗಳ ಬದಲು ಅಲ್ಲಿರುವುದು ಮೂರು: ಯಾವಾಗ, ಎಷ್ಟು ಹೊತ್ತು ಆಡಬೇಕೆಂಬ ಹಿಡಿತ ತಪ್ಪುವುದು, ಊಟ, ನಿದ್ದೆ, ಓದು, ನಂಟುಗಳಿಗಿಂತ ಆಟವೇ ಮೊದಲಾಗುವುದು, ಕೆಡುಕು ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿಯುವುದು. ಈ ಮೂರೂ ಸೇರಿ ಬದುಕಿಗೆ ಗಣನೀಯ ಧಕ್ಕೆ ಆಗಿರಬೇಕು. ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆದಿರಬೇಕು. ತೀವ್ರವಾಗಿದ್ದರೆ ಅದಕ್ಕಿಂತ ಮೊದಲೇ ಗುರುತಿಸಬಹುದು. ಎಷ್ಟು ಗಂಟೆ ಎಂಬ ಅಂಕಿ ಇಲ್ಲಿಲ್ಲ.

ಅದೇ ವರ್ಗೀಕರಣದ ಇನ್ನೊಂದು ಮೂಲೆಯಲ್ಲಿ ಕ್ಯೂಇ22 ಎಂಬ ಸಂಕೇತವಿದೆ: 'ಅಪಾಯಕಾರಿ ಆಟ'. ಇದು ಕಾಯಿಲೆಯಲ್ಲ. ನಿದ್ದೆಗೆಟ್ಟು, ಓದು ಬಿಟ್ಟು ಆಡುತ್ತಿರುವುದರಿಂದ ಹಾನಿಯ ಸಂಭವ ಹೆಚ್ಚಿದೆ, ಈಗಲೇ ಒಂದು ಮಾತು ಹೇಳಿದರೆ ಒಳ್ಳೆಯದು ಎಂಬ ಎಚ್ಚರಿಕೆ. ನಮ್ಮ ಪಿಯುಸಿ ಹುಡುಗ ಬಹುಶಃ ಇಲ್ಲಿ ಬಂದು ನಿಲ್ಲುತ್ತಾನೆ, ಅಥವಾ ಇಲ್ಲಿಗೂ ಬರುವುದಿಲ್ಲ. ಬೀಡಿ ಅಕ್ಕನ ಕೆಲಸ ಹೊತ್ತಿಗೆ ಸರಿಯಾಗಿ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚ್ ಸೇರುತ್ತಿದೆ. ಕೈ ದುಡಿಯುವಾಗ ಕಿವಿಗೊಂದು ಜೊತೆ ಸಿಕ್ಕಿದೆ, ಅಷ್ಟೆ. ಪಿಕಪ್ ತರುಣನಲ್ಲಿ ಹಿಡಿತ ತಪ್ಪಿದ್ದು, ಆದ್ಯತೆ ಬದಲಾದದ್ದು, ನಷ್ಟ ಕಂಡೂ ನಿಲ್ಲಿಸದಿದ್ದದ್ದು ಮೂರೂ ಇವೆ. ಅವನ ಸಮಸ್ಯೆಯ ಹೆಸರು ಮೊಬೈಲ್ ಅಲ್ಲ, ಜೂಜು.

ಈ ಪಟ್ಟಿಗೂ ವಿರೋಧ ಇಲ್ಲದಿಲ್ಲ. ಆಟದ ವ್ಯಸನವನ್ನು ಸೇರಿಸುವ ಪ್ರಸ್ತಾವ ಬಂದಾಗಲೇ, 2017ರಲ್ಲಿ, ಹಲವು ದೇಶಗಳ ವಿದ್ವಾಂಸರು ಬಹಿರಂಗವಾಗಿ ಆಕ್ಷೇಪಿಸಿದರು. ಪುರಾವೆ ಸಾಲದು, ಆರೋಗ್ಯವಂತ ಮಕ್ಕಳಿಗೂ ರೋಗಿಯ ಪಟ್ಟ ಬರುತ್ತದೆ, ಮನೆಗಳಲ್ಲಿ ಜಗಳ ಹೆಚ್ಚುತ್ತದೆ ಎಂಬುದು ಅವರ ವಾದ. ಹೆಸರಿಲ್ಲದಿದ್ದರೆ ಚಿಕಿತ್ಸೆಯೂ ಇಲ್ಲ, ವಿಮೆಯೂ ಇಲ್ಲ, ಸಂಶೋಧನೆಗೆ ಹಣವೂ ಇಲ್ಲ ಎಂಬುದು ಚಿಕಿತ್ಸಕರ ಉತ್ತರ. ಎರಡೂ ಕಡೆ ಸತ್ಯವಿದೆ. ಸಾಮಾಜಿಕ ಜಾಲತಾಣ, ಅಶ್ಲೀಲ ಚಿತ್ರ, ಆನ್‌ಲೈನ್ ಖರೀದಿಗಳನ್ನು 'ಇತರ ನಡವಳಿಕೆಯ ವ್ಯಸನ' ಎಂಬ ಉಳಿಕೆ ಖಾನೆಗೆ ಸೇರಿಸಬಹುದೇ ಎಂಬ ಚರ್ಚೆ ಇನ್ನೂ ನಡೆದೇ ಇದೆ.

ಅಳತೆಕೋಲಿಗೆ ತಕ್ಕಷ್ಟು ರೋಗಿಗಳು

ವ್ಯಾಖ್ಯೆ ಎನ್ನುವುದು ಪಂಡಿತರ ಕೂದಲು ಸೀಳುವ ಕೆಲಸ ಎನಿಸಬಹುದು. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಅದರ ತೂಕ ತಿಳಿಯುತ್ತದೆ. ಮಕ್ಕಳು ಮತ್ತು ಯುವಜನರ ಸ್ಮಾರ್ಟ್‌ಫೋನ್ ಬಳಕೆ ಕುರಿತ 41 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ 'ಸಮಸ್ಯಾತ್ಮಕ ಬಳಕೆ'ಯವರು ಸುಮಾರು 23 ಶೇಕಡಾ. 31 ದೇಶಗಳ ಮಾಹಿತಿ ಕೂಡಿಸಿದ 2014ರ ವಿಶ್ಲೇಷಣೆಯಲ್ಲಿ 'ಇಂಟರ್‌ನೆಟ್ ವ್ಯಸನ'ದವರು 6 ಶೇಕಡಾ. 'ಆಟದ ವ್ಯಸನ'ದ ಕುರಿತ 2021ರ ವಿಶ್ಲೇಷಣೆಯಲ್ಲಿ 3 ಶೇಕಡಾ. ಅದರಲ್ಲೂ ಕಟ್ಟುನಿಟ್ಟಾಗಿ ನಡೆಸಿದ ಅಧ್ಯಯನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 2ಕ್ಕೂ ಕಡಿಮೆ. ಮೂರೂ ಬೇರೆ ಬೇರೆ ಸಂಗತಿಗಳ ಅಳತೆ ಎಂಬುದು ನಿಜ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ ಮೂರಕ್ಕೂ 'ವ್ಯಸನ' ಎಂಬ ಒಂದೇ ಪದ. ನೂರು ಮಕ್ಕಳ ಶಾಲೆಯಲ್ಲಿ ಇಪ್ಪತ್ತಮೂರು ಮಂದಿಗೆ ಆಪ್ತಸಮಾಲೋಚನೆ ಬೇಕೋ, ಇಬ್ಬರಿಗೋ ಎಂಬುದು ಆ ಪದದ ಅರ್ಥವನ್ನೇ ಅವಲಂಬಿಸಿದೆ.

ಪ್ರಶ್ನಾವಳಿಗಳಿಗೂ ಮಿತಿಯಿದೆ. ದಕ್ಷಿಣ ಕೊರಿಯಾದಲ್ಲಿ 2013ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಸ್ಮಾರ್ಟ್‌ಫೋನ್ ವ್ಯಸನ ಮಾಪಕ ನಮ್ಮ ಕಾಲೇಜುಗಳ ಸಂಶೋಧನೆಗಳಲ್ಲೂ ಧಾರಾಳ ಬಳಕೆಯಲ್ಲಿದೆ. 60 ಅಂಕಗಳಲ್ಲಿ ಹುಡುಗರಿಗೆ 31, ಹುಡುಗಿಯರಿಗೆ 33 ಗೆರೆ. ಗೆರೆ ಹಾಕಿದ್ದು ಕೊರಿಯಾದ ಹದಿಹರೆಯದವರನ್ನು ನೋಡಿ. ಸುತ್ತಲಿನವರು ನೀನು ಮೊಬೈಲ್ ಜಾಸ್ತಿ ನೋಡುತ್ತೀ ಎನ್ನುತ್ತಾರೆಯೇ ಎಂಬುದೂ ಅದರಲ್ಲೊಂದು ಪ್ರಶ್ನೆ. ಅಜ್ಜ, ಅಜ್ಜಿ, ದೊಡ್ಡಮ್ಮ, ಮಾವ ಎಲ್ಲರೂ ಬೈಯುವ ಹಕ್ಕು ಪಡೆದಿರುವ ಮನೆಯ ಹುಡುಗನಿಗೆ ಆ ಒಂದು ಪ್ರಶ್ನೆಯಲ್ಲಿ ಪೂರ್ತಿ ಅಂಕ ಗ್ಯಾರಂಟಿ! ಜನ ತಾವು ಎಷ್ಟು ಬಳಸುತ್ತೇವೆಂದು ಹೇಳುವುದಕ್ಕೂ ಫೋನ್ ತಾನೇ ದಾಖಲಿಸುವ ಬಳಕೆಗೂ ಹೊಂದಾಣಿಕೆ ಕಡಿಮೆ ಎಂಬುದೂ ಅಧ್ಯಯನಗಳಲ್ಲಿ ಬಯಲಾಗಿದೆ.

ಗಂಟೆಗಳ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು 2019ರಲ್ಲಿ ಏಮಿ ಆರ್ಬೆನ್ ಮತ್ತು ಆ್ಯಂಡ್ರೂ ಶಿಬಿಲ್ಸ್ಕಿ ಪ್ರಕಟಿಸಿದ ಅಧ್ಯಯನ. ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿ ಅವರು ಕಂಡದ್ದು: ಮಕ್ಕಳ ಮನಸ್ಸಿನ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4 ಶೇಕಡಾ. ಇದು ಸರಾಸರಿಯ ಮಾತು. ಸರಾಸರಿಯಲ್ಲಿ ಪಿಕಪ್ ತರುಣನಂಥವರು ಕರಗಿಹೋಗುತ್ತಾರೆ. ಆದ್ದರಿಂದ ಈ ಅಂಕಿ 'ಮೊಬೈಲ್ ನಿರಪಾಯ' ಎಂದು ಹೇಳುವುದಿಲ್ಲ. ಎಲ್ಲರನ್ನೂ ಒಂದೇ ಗೋಣಿಯಲ್ಲಿ ತುಂಬಿ ಅಳೆದರೆ ಏನೂ ಸಿಗದು ಎನ್ನುತ್ತದೆ.

ಗಂಟೆಗೆ ಬೆಲೆಯಿರುವ ಒಂದು ವಯಸ್ಸು ಮಾತ್ರ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯೊಳಗೆ. ಅಲ್ಲಿ ವಿಷಯ ಚಟದ್ದಲ್ಲ. ತೆವಳುವ, ಓಡುವ, ಮಾತು ಕಲಿಯುವ ಹೊತ್ತನ್ನು ಪರದೆ ನುಂಗಿಬಿಡುತ್ತದೆ. ಗಂಜಿ ಉಣ್ಣಿಸಲು ಮೊಬೈಲ್ ಹಚ್ಚಿಕೊಡುವ ಮನೆಗಳು ಗಡಿಯಾರ ನೋಡಲೇಬೇಕು.

ಅಂಟಿಕೊಂಡದ್ದು ಯಾತಕ್ಕೆ?

ಬ್ರಿಟನ್ನಿನ ಮನೋವಿಜ್ಞಾನಿ ಮಾರ್ಕ್ ಗ್ರಿಫಿತ್ಸ್ ಬಹಳ ಹಿಂದೆಯೇ ಒಂದು ಭೇದ ತೋರಿಸಿದ್ದರು: ಇಂಟರ್‌ನೆಟ್‌ಗೇ ಅಂಟಿಕೊಂಡವರು ಬೇರೆ, ಇಂಟರ್‌ನೆಟ್ ಮೂಲಕ ಬೇರೊಂದಕ್ಕೆ ಅಂಟಿಕೊಂಡವರು ಬೇರೆ. ಕುಡುಕನಿಗೆ ಬಾಟಲಿಯ ಗೀಳಿದೆ ಎಂದು ಯಾರೂ ಹೇಳುವುದಿಲ್ಲ. ಮೊಬೈಲ್ ವಿಷಯದಲ್ಲಿ ಮಾತ್ರ ನಾವು ಬಾಟಲಿಯನ್ನೇ ದೂರುತ್ತ ಕೂತಿದ್ದೇವೆ. 2001ರಲ್ಲಿ ಆರ್. ಎ. ಡೇವಿಸ್ ಎಂಬ ಸಂಶೋಧಕ ಇದಕ್ಕೊಂದು ಚೌಕಟ್ಟು ಕೊಟ್ಟ: ಆಟ, ಜೂಜು, ಅಶ್ಲೀಲದಂಥ ನಿರ್ದಿಷ್ಟ ಸಂಗತಿಗೆ ಅಂಟಿಕೊಳ್ಳುವುದು ಒಂದು ಬಗೆ, ಗೊತ್ತುಗುರಿಯಿಲ್ಲದೆ ಸುಮ್ಮನೆ ಅಲ್ಲೇ ಇದ್ದುಬಿಡುವುದು ಇನ್ನೊಂದು. ಎರಡನೆಯದರ ಬೇರು ಹೆಚ್ಚಾಗಿ ಒಂಟಿತನದಲ್ಲಿ.

ಬೇರನ್ನು ಹುಡುಕುವುದೇ ವಿಂಗಡಣೆಯ ಮುಖ್ಯ ಉಪಯೋಗ. ಖಿನ್ನತೆ, ಜನರನ್ನು ಎದುರಿಸುವ ಭಯ, ಗಮನ ನಿಲ್ಲದ ತೊಂದರೆ ಮೊದಲೇ ಇದ್ದು, ಮೊಬೈಲ್ ಆಮೇಲೆ ಆಸರೆಯಾಗಿ ಬಂದಿರಬಹುದು. ಕಾಲೇಜಿನಲ್ಲಿ ಇಂಗ್ಲಿಷ್ ಅರ್ಥವಾಗದೆ ಹಿಂದಿನ ಬೆಂಚಿಗೆ ಸರಿದ ಹುಡುಗ ಆಟದಲ್ಲಿ ತಂಡದ ನಾಯಕನಾಗಿರುತ್ತಾನೆ. ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡರೆ, ಅವನು ಗೆಲ್ಲುತ್ತಿದ್ದ ಒಂದೇ ಒಂದು ಜಾಗವನ್ನೂ ಕಿತ್ತುಕೊಂಡಂತೆ; ಇಂಗ್ಲಿಷ್ ಅಂತೂ ಅರ್ಥವಾಗುವುದಿಲ್ಲ. ಮನೋವಿಜ್ಞಾನಿ ಜೋಯೆಲ್ ಬಿಲಿಯೂ 2015ರಲ್ಲಿ ಇಂಥ ದಾರಿಗಳನ್ನು ಗುರುತಿಸಿದ್ದಾರೆ: ಸಂಬಂಧಗಳ ಬಗ್ಗೆ ಸದಾ ಆತಂಕವಿದ್ದು ಉತ್ತರ ಬಂತೇ ಎಂದು ಮತ್ತೆ ಮತ್ತೆ ನೋಡುವವರು, ಆವೇಗ ತಡೆಯಲಾರದೆ ಬೈಕ್ ಓಡಿಸುವಾಗಲೂ ಫೋನ್ ಎತ್ತುವವರು, ಜನ, ಸುದ್ದಿ, ಸಡಗರದ ಹಸಿವಿನಿಂದ ನೋಡುವವರು. ಮೂವರ ಬೆರಳೂ ಒಂದೇ ರೀತಿ ಓಡುತ್ತದೆ. ಮೂವರಿಗೆ ಹೇಳಬೇಕಾದ ಮಾತು ಬೇರೆ ಬೇರೆ.

ಹಾಗೆಂದು ತಪ್ಪೆಲ್ಲ ಬಳಸುವವರದೇ ಅಲ್ಲ. ಪುಟ ಮುಗಿಯದಂತೆ ಮಾಡುವ ಜಾರುಪರದೆಯನ್ನು ಏಜ಼ಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದ. ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟದ್ದನ್ನೂ ಬಹಿರಂಗವಾಗಿ ಹೇಳಿಕೊಂಡ. ಫೇಸ್‌ಬುಕ್‌ನ ಲೈಕ್ ಗುಂಡಿ ಬಂದದ್ದು 2009ರಲ್ಲಿ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ತೆರೆಯಿತು. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು ಎಂಬ ಅನಿಶ್ಚಯವೇ ಬೆರಳನ್ನು ಓಡಿಸುವುದು. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿ ಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಮೊಬೈಲ್ ಹುಟ್ಟುವ ಎಷ್ಟೋ ದಶಕ ಮೊದಲು.

ಮಕ್ಕಳ ಕೈಗೆ ಮೊಬೈಲ್ ಬಂದ ದಾರಿಯನ್ನೂ ಮರೆಯಬಾರದು. ಕೋವಿಡ್ ಕಾಲದಲ್ಲಿ ಅದನ್ನು ತರಿಸಿದ್ದು ಶಾಲೆಯೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕೂತು ಮಗಳು ಆನ್‌ಲೈನ್ ಪಾಠ ಕೇಳುವಾಗ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಆಗ ಸಿಗ್ನಲ್ ಇಲ್ಲದ್ದೇ ಅನ್ಯಾಯವಾಗಿತ್ತು. ಗ್ರಾಮೀಣ ಭಾರತದ ಮಕ್ಕಳ ಕಲಿಕೆ ಕುರಿತ 'ಅಸರ್' 2024ರ ವರದಿಯಂತೆ 14–16 ವಯಸ್ಸಿನವರಲ್ಲಿ 82 ಶೇಕಡಾ ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು 57 ಶೇಕಡಾ, ಜಾಲತಾಣಕ್ಕಾಗಿ ಬಳಸಿದವರು 76 ಶೇಕಡಾ. ಎರಡೂ ಗುಂಪಿನಲ್ಲಿ ಇರುವ ಮಕ್ಕಳೂ ಅನೇಕ.

ಕಾನೂನಿಗೆ ಬೇರೆಯೇ ತಕ್ಕಡಿ

ವೈದ್ಯರು ಹಿಡಿತ ತಪ್ಪಿದೆಯೇ ಎಂದು ನೋಡಿದರೆ, ಸರಕಾರ ನೋಡುವುದು ಹಣವನ್ನು. ಕೋಳಿಅಂಕ, ಜುಗಾರಿ ಅಡ್ಡೆ, ಮಟ್ಕಾ ದಾಳಿಗಳ ಸುದ್ದಿ ಈ ಕರಾವಳಿಗೆ ಹೊಸತಲ್ಲ. ಅಡ್ಡೆ ಮೊಬೈಲ್‌ಗೆ ಸ್ಥಳಾಂತರವಾದಾಗ ಕಾನೂನು ಹಿಂದೆ ಬಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ಅನೂರ್ಜಿತಗೊಳಿಸಿತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ವ್ಯತ್ಯಾಸವಿದೆ ಎಂಬುದು ಆ ಕಲಹದ ತಿರುಳು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿದಾಗ ಆ ವ್ಯತ್ಯಾಸವನ್ನೇ ಬದಿಗೆ ಸರಿಸಿತು. ಕಾಯ್ದೆ ಆಟಗಳನ್ನು ಮೂರು ಮಾಡಿತು: ಸ್ಪರ್ಧೆಯಾಗಿ ಆಡುವ ಇ–ಸ್ಪೋರ್ಟ್ಸ್, ಮನರಂಜನೆಯ ಸಾಮಾಜಿಕ ಆಟ, ಹಣದ ಆಟ. ಕೌಶಲವಿರಲಿ ಇಲ್ಲದಿರಲಿ, ಹಣ ಕಟ್ಟಿ ಹಣ ಗೆಲ್ಲುವಂತಿದ್ದರೆ ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಆಡುವವರಿಗೆ ಶಿಕ್ಷೆಯಿಲ್ಲ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಹತ್ತಿರ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರಕಾರ ಕೊಟ್ಟ ಅಂದಾಜು. ಆಡುವವನನ್ನು ಅಪರಾಧಿ ಎನ್ನದೆ ಬಿಟ್ಟದ್ದು ಈ ಕಾಯ್ದೆಯ ವಿವೇಕ. ಪಿಕಪ್ ತರುಣ ನೆರವು ಕೇಳಲು ಹೆದರಬೇಕಾಗಿಲ್ಲ. ಆ್ಯಪ್ ಮುಚ್ಚಿದ ಮಾತ್ರಕ್ಕೆ ಜೂಜಿನ ಒಳತುಡಿತ ಮುಚ್ಚುವುದಿಲ್ಲವಾದ್ದರಿಂದ, ನೆರವು ಅವನಿಗೆ ಬೇಕೇ ಬೇಕು.

ಮದ್ಯವರ್ಜನ ಶಿಬಿರದಿಂದ ಕಲಿಯಬೇಕಾದ್ದು

ವ್ಯಸನವನ್ನು ಊರವರೆಲ್ಲ ಸೇರಿ ಎದುರಿಸುವುದು ಈ ಸೀಮೆಗೆ ಗೊತ್ತಿರುವ ವಿದ್ಯೆ. ಧರ್ಮಸ್ಥಳದಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ನಡೆಸಿದ ಮದ್ಯವರ್ಜನ ಶಿಬಿರಗಳು ಸಾವಿರ ದಾಟಿವೆ. ಕುಡಿತ ಬಿಡುವವರು ಸಭಾಭವನದಲ್ಲೋ ಶಾಲೆಯಲ್ಲೋ ವಾರವಿಡೀ ಒಟ್ಟಿಗಿರುತ್ತಾರೆ. ಊರವರು ಅಡುಗೆ ಮಾಡಿ ಬಡಿಸುತ್ತಾರೆ. ಮನೆಯವರೂ ಬಂದು ಕೂರುತ್ತಾರೆ. ಶಿಬಿರ ಮುಗಿದ ಮೇಲೆ 'ನವಜೀವನ ಸಮಿತಿ'ಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಬೆಳ್ತಂಗಡಿ ತಾಲೂಕಿನ ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವೂ ಇದೆ.

ಮೊಬೈಲ್‌ಗೂ ಇಂಥದೇ ಶಿಬಿರ ಮಾಡೋಣ ಎಂಬ ಉತ್ಸಾಹ ಸಹಜ. ಆದರೆ ಆ ಶಿಬಿರದ ಗುರಿ ಒಂದು ತೊಟ್ಟೂ ಮುಟ್ಟದಿರುವುದು. ಮೊಬೈಲ್‌ನಲ್ಲಿ ಆ ಗುರಿ ನಡೆಯದು. ಪಿಕಪ್ ಬಾಡಿಗೆಯ ಕರೆ ಬರುವುದೂ ಅದರಲ್ಲೇ, ಹಣ ಜಮೆಯಾಗುವುದೂ ಅದರಲ್ಲೇ, ಕಾಲೇಜಿನ ನೋಟ್ಸ್ ಬರುವುದೂ ಅದರಲ್ಲೇ. ಮೂಡುಬಿದಿರೆ, ಉಜಿರೆ, ಪುತ್ತೂರುಗಳಂಥ ವಿದ್ಯಾಕೇಂದ್ರಗಳ ಅನೇಕ ಪಿಯು ಹಾಸ್ಟೆಲುಗಳಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಮಕ್ಕಳು ತಿಂಗಳುಗಟ್ಟಲೆ ಅದಿಲ್ಲದೆ ಇರುತ್ತಾರೆ ಎಂಬುದೇ, ಹೆಚ್ಚಿನವರದು ಕುಡಿತದಂಥ ವ್ಯಸನವಲ್ಲ ಎನ್ನುವುದಕ್ಕೆ ಪುರಾವೆ. ರಜೆಯಲ್ಲಿ ಮನೆಗೆ ಬಂದು ಎಲ್ಲ ಬಾಕಿ ಚುಕ್ತಾ ಮಾಡುವವರಂತೆ ನೋಡುತ್ತಾರಾದರೆ, ಬೀಗ ಹಾಕಿಟ್ಟದ್ದನ್ನು ಹಿಡಿತ ಎನ್ನಲಾಗದು ಎನ್ನುವುದಕ್ಕೂ ಅದೇ ಪುರಾವೆ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸಾಲಯ ತೆರೆದಾಗ ಅದಕ್ಕೆ ವ್ಯಸನಮುಕ್ತಿ ಕೇಂದ್ರ ಎಂದು ಹೆಸರಿಡಲಿಲ್ಲ. ಚಿಕಿತ್ಸಾ ಮನೋವಿಜ್ಞಾನಿ ಡಾ. ಮನೋಜ್ ಕುಮಾರ್ ಶರ್ಮಾ ಮುನ್ನಡೆಸಿದ ಆ 'ಶಟ್' ಕ್ಲಿನಿಕ್‌ನ ಪೂರ್ಣ ಹೆಸರಿನಲ್ಲಿರುವುದು 'ತಂತ್ರಜ್ಞಾನದ ಆರೋಗ್ಯಕರ ಬಳಕೆ'. ಪೂರ್ತಿ ಬಿಡಿಸುವ ಭರವಸೆ ಆ ಹೆಸರಿನಲ್ಲೇ ಇಲ್ಲ. ಬಳಸುವುದನ್ನು ಸರಿಪಡಿಸುವ ಗುರಿಯಿದೆ.

ಎಲ್ಲರಿಗೂ ಒಂದೇ ಬೀಗ ಹಾಕಿದವರ ಅನುಭವವೂ ಮುಂದಿದೆ. ದಕ್ಷಿಣ ಕೊರಿಯಾ 2011ರಲ್ಲಿ, 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ ಕಾನೂನು ಮಾಡಿತು. ಮಕ್ಕಳು ಮೊಬೈಲ್ ಆಟಗಳಿಗೆ ಹೊರಳಿದರು, ಹತ್ತು ವರ್ಷಗಳ ಬಳಿಕ ಸರಕಾರವೇ ಅದನ್ನು ಕೈಬಿಟ್ಟಿತು. ಚೀನಾ 2021ರಲ್ಲಿ ಅಪ್ರಾಪ್ತರ ಆಟವನ್ನು ವಾರಕ್ಕೆ ಮೂರು ಗಂಟೆಗೆ ಇಳಿಸಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಜಾಲತಾಣದ ಖಾತೆಗಳನ್ನು ಮುಚ್ಚಿಸಿತು. ಕರ್ನಾಟಕದ ಗಡಿಗೆ ಹೊಂದಿದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಮಾತ್ರ ಬೇರೆ ದಾರಿ ಹಿಡಿಯಿತು. 2022ರಿಂದ ಅಲ್ಲಿ ಸಂಜೆ 7 ಗಂಟೆಗೆ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಇದು ಚಿಕಿತ್ಸೆಯಲ್ಲ, ಯಾರನ್ನೂ ರೋಗಿ ಎನ್ನುವುದಿಲ್ಲ. ದೊಡ್ಡವರೂ ಮೊಬೈಲ್ ಕೆಳಗಿಡಬೇಕು ಎಂಬುದೇ ಅದರ ಬಲ. ಅಭ್ಯಾಸದ ಮಟ್ಟದಲ್ಲಿ ಇರುವವರಿಗೆ, ಎಂದರೆ ಊರಿನ ಬಹುಪಾಲು ಜನರಿಗೆ, ಇಷ್ಟು ಸಾಕು. ಜೂಜಿನ ಗೀಳಿನವನಿಗೆ ಸೈರನ್ ಏನೂ ಮಾಡದು.

ಯಾರು ಎಲ್ಲಿಗೆ ಹೋಗಬೇಕು?

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಬೇಕೆಂದಾಗ ನಿಲ್ಲಿಸಲು ಆಗುತ್ತದೆಯೇ? ಅದರಿಂದಾಗಿ ನಿದ್ದೆ, ಓದು, ದುಡಿಮೆ, ಗೆಳೆತನಗಳಲ್ಲಿ ಯಾವುದು ಕಡಿಮೆಯಾಗಿದೆ? ನಷ್ಟ ಗೊತ್ತಿದ್ದೂ ಮುಂದುವರಿಯುತ್ತಿದೆಯೇ? ಅದನ್ನು ಮುಚ್ಚಿಡಲು ಸುಳ್ಳು ಶುರುವಾಗಿದೆಯೇ? ಮೊಬೈಲ್‌ಗಿಂತ ಮೊದಲೇ ಏನಾದರೂ ಕೆಟ್ಟಿತ್ತೇ? ಹಣ ಸೇರಿಕೊಂಡಿದೆಯೇ?

ಮೊದಲನೆಯದಕ್ಕೆ 'ಆಗುತ್ತದೆ' ಎಂಬ ಉತ್ತರ ಬಂದು, ಜಗಳ ಬರೀ ಊಟದ ಹೊತ್ತಿನದಾದರೆ ಮನೆಯೊಳಗಿನ ನಿಯಮ ಸಾಕು. ರಾತ್ರಿ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ನಿದ್ದೆ, ಓದು ಜಾರುತ್ತಿದ್ದರೆ ಬೈಗುಳ ಬಿಟ್ಟು ಕಾರಣ ಹುಡುಕುವ ಮಾತು ಶುರುವಾಗಬೇಕು. ಶಾಲೆಯ ಟೀಚರನ್ನೋ ಮಾಷ್ಟ್ರನ್ನೋ ಜೊತೆಗೆ ಸೇರಿಸಿಕೊಳ್ಳಬೇಕು. ಹಿಡಿತ ತಪ್ಪಿ, ಸುಳ್ಳು, ಸಾಲ ಸೇರಿದ್ದರೆ, ಅಥವಾ ಮಗು ಮಾತು ಬಿಟ್ಟು ಕೋಣೆ ಸೇರಿದ್ದರೆ, ಅದು ಮನೆಯವರು ನಿಭಾಯಿಸುವ ಹಂತ ದಾಟಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ಮನೋವೈದ್ಯರಿದ್ದಾರೆ. ಜಿಲ್ಲೆಗಳಿಗೆ ಮಾನಸಿಕ ಆರೋಗ್ಯ ಸೇವೆ ಒಯ್ಯುವ ದೇಶದ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಆ ವ್ಯವಸ್ಥೆಗೆ ಮೊಬೈಲ್ ಸಮಸ್ಯೆಯನ್ನು ವಿಂಗಡಿಸಿ ನೋಡುವ ತರಬೇತಿ ಸೇರಿಸಿದರೆ, ಸಾಲದ ಭಯದಲ್ಲಿರುವ ತರುಣ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು "ಈಗಿನ ಮಕ್ಕಳಿಗೆಲ್ಲ ಮೊಬೈಲ್ ಚಟ" ಎಂದರೆ, "ಎಲ್ಲರಿಗೂ ಎಂದರೆ ಯಾರಿಗೆ, ಯಾವುದರ ಚಟ?" ಎಂದು ಕೇಳುವವರೊಬ್ಬರು ಬೇಕು. ಎಲ್ಲರಿಗೂ ಇರುವ ಕಾಯಿಲೆಗೆ ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಸಿಗುವುದಿಲ್ಲ. ನಿಜವಾಗಿ ಬಿದ್ದಿರುವ ಇಬ್ಬರನ್ನು ಹೆಸರಿಟ್ಟು ಗುರುತಿಸಿದರೆ, ಆ ಇಬ್ಬರಿಗೆ ಸಿಗುತ್ತದೆ.